ಗುಂಡಣ್ಣನ ತೂಕ

೬ ನವೆಂಬರ್ ೧೯೬೦, ಭಾನುವಾರ

ಹೆಂಡತಿ ಶಿವನಂಜಮ್ಮ ತೀರಿಹೋದ ಮೇಲೆ ಇವತ್ತೇ ಮೊದಲು ಗುಂಡಿನ ಹಲಗೆಯ ಧೂಳು ಹೊಡೆದದ್ದು. ಫಿರಂಗಿ ಗುಂಡುಗಳು, ಯುದ್ಧ ಮುಗಿದಾಗ ಗುಜರಿಯಲ್ಲಿ ಸಿಕ್ಕ ಹಿತ್ತಾಳೆ ತೋಟಾಗಳು, ಎಲ್ಲವನ್ನೂ ನೆಲಕ್ಕಿಳಿಸಿ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಮೇಲಿಟ್ಟೆ. ಪ್ರತಿಯೊಂದರ ಕೆಳಗೂ ನಾನು ಬರೆದ ಚೀಟಿ ಇದೆ: ಯಾವ ಜಾತಿಯದು, ಎಲ್ಲಿ ಸಿಕ್ಕಿತು, ತೂಕ ಎಷ್ಟು, ಎಲ್ಲಿದೆ. ಅವಳಿದ್ದಾಗ ಒರೆಸುವ ಕೆಲಸ ಅವಳದು. ಪಕ್ಕದಲ್ಲಿ ನಿಂತು ಹಾಗಲ್ಲ, ಹೀಗೆ ಹಿಡಿ ಎನ್ನುವುದು ನನ್ನದು.

ಸಂಜೆ ಬಿಂದುಮಾಧವ ರಾಯರು ಬಂದರು. ಸೈನ್ಯದ ಮದ್ದಿನ ಉಗ್ರಾಣದಲ್ಲಿದ್ದು ನಿವೃತ್ತರಾದವರು. ನನ್ನಂತೆಯೇ ಹಳೆಯ ಗುಂಡುಗಳ ಹುಚ್ಚು. ಹನ್ನೆರಡು ವರ್ಷದ ಹಿಂದೆ ಶ್ರೀರಂಗಪಟ್ಟಣದಾಚೆ ಒಬ್ಬ ರೈತನ ಹೊಲದಲ್ಲಿ ನೇಗಿಲಿಗೆ ಸಿಕ್ಕಿದ ಗುಂಡುಗಳನ್ನು ನಾವಿಬ್ಬರೂ ಕೊಂಡಿದ್ದೆವು. ನಾನು ಏಳು, ಅವರು ಎರಡು. ಆ ಎರಡರಲ್ಲಿ ಒಂದನ್ನು ಟವೆಲಿನಲ್ಲಿ ಸುತ್ತಿ ತಂದಿದ್ದರು. ಗಾತ್ರ ನನ್ನ ಗುಂಡುಗಳಷ್ಟೇ. ಎತ್ತಿದರೆ ಕೈ ತಾನಾಗಿ ಮೇಲಕ್ಕೆ ಹೋಯಿತು.

"ಇದು ಇಡಿಗುಂಡಲ್ಲ ಸಿದ್ದರಾಜು, ಟೊಳ್ಳು" ಎಂದರು. "ಇಡಿಗುಂಡಾದರೆ ಹನ್ನೆರಡು ಪೌಂಡ್ ಇರಬೇಕು. ಇದು ಎಂಟೂವರೆ ತೂಗಿತು. ಒಳಗೆ ಮದ್ದು. ಬತ್ತಿ ಸಿಕ್ಕಿಸೋ ತೂತು ತುಕ್ಕು ಮಣ್ಣು ಕಚ್ಚಿಕೊಂಡು ಕಾಣ್ತಾನೇ ಇರಲಿಲ್ಲ. ಇಷ್ಟು ವರ್ಷ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟುಕೊಂಡಿದ್ದೆ, ನೋಡಿ."

ಗುರುತಿದ್ದ ಸೈನ್ಯದವರ ಕೈಲಿ ನೀರಿನೊಳಗೆ ಮುಳುಗಿಸಿ ಖಾಲಿ ಮಾಡಿಸಿದರಂತೆ. ಅರ್ಧ ಪೌಂಡ್ ಮದ್ದು ಬಂತಂತೆ. ನೂರಾರು ವರ್ಷವಾದರೂ ಆ ಮದ್ದಿಗೆ ವಯಸ್ಸಾಗುವುದಿಲ್ಲ, ಒಂದು ಕೆಂಡ ಸಾಕು ಎಂದರು. ನಿಮ್ಮವನ್ನೆಲ್ಲ ತೂಗಿದ್ದೀರಿ ತಾನೆ, ತಕ್ಕಡಿ ರಿಪೇರಿಯವರ ಮನೆ ಇದು, ಎಂದು ನಕ್ಕರು. ತೂಗಿದ್ದೇನೆ ಎಂದೆ.

ಹಲಗೆಯ ಮೇಲಿನ ಆರನ್ನೂ ತೂಗಿದ್ದೇನೆ. ಏಳನೆಯದು ಹಲಗೆಯ ಮೇಲಿಲ್ಲ. ಅದು ಗುಂಡಣ್ಣ, ಅಡಿಗೆ ಮನೆಯ ಗೂಡಿನಲ್ಲಿರುವುದು. ಈ ಆರನ್ನು ಸರಿಸಬೇಕಾದರೆ ಶಿವನಂಜಮ್ಮ ಎರಡು ಕೈ ಹಾಕಿ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಗುಂಡಣ್ಣನನ್ನು ಒಂದೇ ಕೈಯಲ್ಲಿ ಎತ್ತಿ ಸೊಂಟಕ್ಕಿಟ್ಟುಕೊಳ್ಳುತ್ತಿದ್ದಳು. ನಾನು ನೋಡಿದ್ದೇನೆ. ಎಷ್ಟೋ ಸಲ ನೋಡಿದ್ದೇನೆ.

೭ ನವೆಂಬರ್, ಸೋಮವಾರ

ಗುಂಡಣ್ಣ ಗೂಡಿನಲ್ಲಿಲ್ಲ. ಮನೆಯಲ್ಲೇ ಇಲ್ಲ.

೮ ನವೆಂಬರ್, ಮಂಗಳವಾರ

ತೊಟ್ಟಿಲು ಶಾಸ್ತ್ರದಲ್ಲಿ ಮೊದಲು ರುಬ್ಬುವ ಗುಂಡುಕಲ್ಲಿಗೆ ನೀರು ಹಾಕಿ, ಎಣ್ಣೆ ಹಚ್ಚಿ, ಕಾಡಿಗೆ ಇಟ್ಟು, ಕುಲಾವಿ ಕಟ್ಟಿ ತೊಟ್ಟಿಲಲ್ಲಿ ಮಲಗಿಸುತ್ತಾರೆ. ಆಮೇಲೆ ಕೂಸು. ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ನಮ್ಮ ಮಹದೇವು ಹುಟ್ಟಿದಾಗ ಇಲವಾಲದಲ್ಲಿ, ಅವಳ ತವರಿನಲ್ಲಿ ಶಾಸ್ತ್ರ. ಆಗಷ್ಟೇ ಆ ಹೊಲದಿಂದ ಗುಂಡುಗಳನ್ನು ತಂದಿದ್ದೆ. ಕಲ್ಲು ಯಾಕೆ, ನನ್ನ ಮಗನಿಗೆ ಟಿಪ್ಪು ಕಾಲದ ಕಬ್ಬಿಣ ಇರಲಿ ಎಂದು ಒಂದನ್ನು ಹೊತ್ತುಕೊಂಡು ಹೋದೆ. ಹೆಂಗಸರು ಬೇಡ ಎಂದರು. ಇಡಿಗುಂಡು, ಒಳಗೆಲ್ಲ ಗಟ್ಟಿ, ನನಗೆ ಗೊತ್ತಿದೆ ಎಂದೆ.

ಮಹದೇವು ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋದ. ಯುದ್ಧದ ಕಬ್ಬಿಣ ತೊಟ್ಟಿಲಿಗೆ ಹಾಕಿದರೆ ಇನ್ನೇನಾಗುತ್ತೆ ಎಂದು ನಮ್ಮಮ್ಮ ಅಂದಳು. ನಾನು ಹೌದು ಎನ್ನಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಆಮೇಲೆ ನಾನು ಆ ಗುಂಡನ್ನು ಮುಟ್ಟಿಲ್ಲ. ಹಾಗಾಗಿ ತೂಗಲೂ ಇಲ್ಲ.

ಶಿವನಂಜಮ್ಮ ಮಾತ್ರ ಅದನ್ನು ಬಿಡಲಿಲ್ಲ. ಗುಂಡಣ್ಣ ಎಂದು ಹೆಸರಿಟ್ಟಳು. ಎಲ್ಲೇ ತೊಟ್ಟಿಲು ಕಟ್ಟಿದರೂ ಕೊಂಡೊಯ್ದು ಕೊಡುತ್ತಿದ್ದಳು. ಎಷ್ಟು ಮನೆಗೆ ಹೋಗಿಬಂತೋ ನಾನು ಕೇಳಿದವನಲ್ಲ. ಈಗ ಅದು ಯಾವುದೋ ಬಾಣಂತಿಯ ಕೋಣೆಯಲ್ಲಿದೆ. ಬಾಣಂತಿಯ ಕೋಣೆ ಎಂದರೆ ಕೆಂಡ.

೯ ನವೆಂಬರ್, ಬುಧವಾರ

ಪಕ್ಕದ ಮನೆಯ ಚಾಮುಂಡಮ್ಮನವರನ್ನು ಕೇಳಿದೆ. ಹದಿನಾರು ವರ್ಷದಿಂದ ಗೋಡೆ ಒಂದೇ ಆದರೂ ನಲ್ಲಿಯಲ್ಲಿ ನೀರು ಬಂತೇ ಎನ್ನುವುದು ಬಿಟ್ಟು ಅವರೊಡನೆ ಮಾತಾಡಿದ ನೆನಪಿಲ್ಲ. ಕಾಯಿಲೆ ಬೀಳುವ ಮೊದಲು ಶಿವನಂಜಮ್ಮ ಅದನ್ನು ಉದಯಗಿರಿಯ ಇಂದ್ರಮ್ಮನಿಗೆ ಕೊಟ್ಟಿದ್ದಳು ಎಂದರು. ಯಾಕೆ ಎಂದು ಅವರು ಕೇಳಿದಾಗ, ಅವಳ ನೆನಪಿಗೆ ಬೇಕಿತ್ತು ಎಂದುಬಿಟ್ಟೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸುಳ್ಳು ಹೇಳಿ ಒಬ್ಬರನ್ನು ಅಳಿಸಿದೆ.

೧೧ ನವೆಂಬರ್, ಶುಕ್ರವಾರ

ಅಂಗಡಿ ಮುಚ್ಚಿ ಸೈಕಲ್ಲಿನಲ್ಲಿ ಉದಯಗಿರಿಗೆ ಹೋದೆ. ಇಂದ್ರಮ್ಮನ ಗಂಡ ಗಾಡಿ ಚಕ್ರಕ್ಕೆ ಪಟ್ಟಿ ಹಾಕುವವನು. ಕೂಸು ದುಂಡಗಿದೆ. ಗುಂಡಣ್ಣನ ಕೈಗುಣ ಎಂದಳು ಇಂದ್ರಮ್ಮ. ಎಲ್ಲಿಟ್ಟಿದ್ದೆ ಎಂದು ಕೇಳಿದೆ. ತೊಟ್ಟಿಲ ಕೆಳಗೆ ತೋರಿಸಿದಳು. ಅಲ್ಲೇ ಸಾಂಬ್ರಾಣಿ ಹಾಕುವ ಅಗ್ಗಿಷ್ಟಿಕೆ, ಇನ್ನೂ ಬೂದಿ ಇತ್ತು.

"ಕಬ್ಬಿಣ ಪಕ್ಕದಲ್ಲಿದ್ರೆ ಕೂಸು ಬೆಚ್ಚಿ ಬೀಳಲ್ಲ ಅಂತ ಅಕ್ಕನೇ ಹೇಳಿದ್ರು ಕಣಣ್ಣ. ಕೆಂಡದ ಕಾವು ತಗೊಂಡು ಗುಂಡಣ್ಣನೂ ಬೆಚ್ಚಗಿರ್ತಿದ್ದ."

ಹೊಸಿಲ ಮೇಲೆ ಕೂತೆ. ಹೆಂಡತಿಯ ನೆನಪಾಯಿತೇನೋ ಎಂದುಕೊಂಡು ನೀರು ಕೊಟ್ಟಳು.

ತಿಂಗಳ ಹಿಂದೆ ಅದು ಇಲವಾಲಕ್ಕೆ ಹೋಗಿದೆ. ಶಿವನಂಜಮ್ಮನ ಸೋದರತ್ತೆ ತಿಮ್ಮಮ್ಮನ ಮೊಮ್ಮಗಳು ವಸಂತಮ್ಮ ಬಾಣಂತನಕ್ಕೆ ಬಂದಿದ್ದಾಳಂತೆ. ಹೀಗೆ ಹೀಗೆ, ಅದು ಅಪಾಯ ಎಂದು ಇಂದ್ರಮ್ಮನಿಗೆ ಹೇಳಲಿಲ್ಲ. ನೀರು ಕುಡಿದು ಬಂದೆ.

೧೨ ನವೆಂಬರ್, ಶನಿವಾರ

ಇವತ್ತು ಇಲವಾಲಕ್ಕೆ ಹೋಗಬಹುದಿತ್ತು. ಹೊಸ ಕಿಲೋ ತೂಕಕ್ಕೆ ತಕ್ಕಡಿ ಸರಿಮಾಡಿಸಿಕೊಳ್ಳಲು ಅಂಗಡಿಯವರೆಲ್ಲ ಒಟ್ಟಿಗೇ ಬಂದರು, ಬಿಡುವಾಗಲಿಲ್ಲ ಎಂದು ಬರೆಯಬಹುದು. ನಿಜ ಅದಲ್ಲ. ಹೋಗಿ ಏನು ಹೇಳಲಿ? ಶಿವನಂಜಮ್ಮನ ಹೆಣಕ್ಕೆ ಅರಿಶಿನ ಹಚ್ಚಿದ ಹೆಂಗಸರೆಲ್ಲ ಗುಂಡಣ್ಣನನ್ನು ಮನೆಗೆ ಕರೆಸಿಕೊಂಡವರೇ. ಕೂಸಿನ ಮಗ್ಗುಲಲ್ಲಿ ಮದ್ದು ತಂದಿಟ್ಟಳು ಎಂದು ನಾಳೆ ಅವರೇ ಆಡುತ್ತಾರೆ. ಇಟ್ಟವನು ನಾನು, ಹೆಸರು ಅವಳದು.

ಕಡೆಯ ವಾರ ಜ್ವರ ಇಳಿದಿದ್ದಾಗ ಅವಳು, "ಗುಂಡಣ್ಣನ ಸಮಾಚಾರ ಒಂದು ನಿಮಗೆ ಹೇಳಬೇಕಿತ್ತು" ಎಂದಿದ್ದಳು. ನಾನು ಒಂದು ತೋಟಾದ ಬುಡದ ಅಕ್ಷರ ಓದುತ್ತ ಕೂತಿದ್ದೆ. ನಾಳೆ ಹೇಳು ಎಂದೆ. ಯಾರಿಗೆ ಕೊಟ್ಟಿದ್ದೇನೆ ಎಂದು ಹೇಳುವುದಿತ್ತೇನೋ.

೧೩ ನವೆಂಬರ್, ಭಾನುವಾರ

ಇವತ್ತೂ ಹೋಗಲಿಲ್ಲ. ಅಂಗಡಿಗೆ ರಜ. ಬಸ್ಸು ಇತ್ತು.

೧೪ ನವೆಂಬರ್, ಸೋಮವಾರ

ಹಲಗೆಯ ಮೇಲಿಂದ ಅದೇ ಗಾತ್ರದ ಒಂದು ಇಡಿಗುಂಡನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಬದಲಾಯಿಸಿಕೊಂಡು ಬಂದರೆ ಯಾರಿಗೂ ಏನೂ ತಿಳಿಯುವುದಿಲ್ಲ ಎಂಬುದು ನನ್ನ ಲೆಕ್ಕ.

ಕಡೇ ಕಾರ್ತಿಕ ಸೋಮವಾರ. ತಿಮ್ಮತ್ತೆ ದೇವಸ್ಥಾನಕ್ಕೆ ಹೋಗಿದ್ದರು. ಮನೆಯಲ್ಲಿ ವಸಂತಮ್ಮ ಒಬ್ಬಳೇ. ನಡುಮನೆಯಲ್ಲೇ ತೊಟ್ಟಿಲು, ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ, ಕೆಂಡಕ್ಕೆ ಒಂದು ಗೇಣು ದೂರದಲ್ಲಿ ಕೆಂಪು ಕುಲಾವಿ ಕಟ್ಟಿಕೊಂಡು ಗುಂಡಣ್ಣ. ಊರ ಅಳಿಯ ಬಂದಿದ್ದಾನೆಂದು ಆ ಹುಡುಗಿ ಕಾಫಿ ಕಾಯಿಸಲು ಒಳಗೆ ಹೋದಳು. ಆಗಲೇ ಎತ್ತಬಹುದಿತ್ತು. ಕೈ ಮುಂದೆ ಹೋಗಲಿಲ್ಲ. ಹನ್ನೆರಡು ವರ್ಷ ಮುಟ್ಟದ ವಸ್ತು. ಅವಳು ಕಾಫಿ ತಂದಳು. ಕುಡಿದೆ. ಬೆಳೆ ಹೇಗಿದೆ ಎಂದು ಕೇಳಿದೆ. ಕೂಸು ಅತ್ತಿತು, ಹಾಲು ಕುಡಿಸಲು ಕೋಣೆಗೆ ಎತ್ತಿಕೊಂಡು ಹೋದಳು. ಆಮೇಲೆ ಎತ್ತಿದೆ.

ಕುಲಾವಿ ಬಿಚ್ಚಿ ಇಡಿಗುಂಡಿಗೆ ಕಟ್ಟಿದೆ. ದೃಷ್ಟಿಬೊಟ್ಟಿಗೆ ಕಾಡಿಗೆ ಸಿಗದೆ ಇದ್ದಿಲು ತಿಕ್ಕಿ ಇಟ್ಟೆ. ಈ ವಯಸ್ಸಿಗೆ ಕಳ್ಳನ ಕೆಲಸ ಇಷ್ಟು ನಾಜೂಕಾಗಿ ಬರುತ್ತದೆಂದು ತಿಳಿದಿರಲಿಲ್ಲ.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡೆ. ಇನ್ನೂ ಬೆಚ್ಚಗಿತ್ತು. ಅದೇನು ಎಂದು ಕಂಡಕ್ಟರ್ ಕೇಳಿದ. ತೂಕದ ಕಲ್ಲು ಎಂದೆ. ಹಸುಗೂಸಿನಷ್ಟೇ ಭಾರ ಇತ್ತು. ಮಹದೇವು ಹುಟ್ಟಿದಾಗ ಇಷ್ಟೇ ಇದ್ದ.

ಹಿತ್ತಲ ಹಂಡೆಯ ನೀರಿನಲ್ಲಿ ಮುಳುಗಿಸಿಟ್ಟಿದ್ದೇನೆ.

೧೭ ನವೆಂಬರ್, ಗುರುವಾರ

ರಾಯರು ಬಂದು ನೋಡಿದರು. ಅದೇ ಜಾತಿ, ಟೊಳ್ಳುಗುಂಡು, ಸಂಶಯವಿಲ್ಲ ಎಂದರು. ನೀರಿನಿಂದೆತ್ತಿ ಒರೆಸಿ ನನ್ನ ತಕ್ಕಡಿಯಲ್ಲೇ ತೂಗಿದೆವು. ಎಂಟು ಪೌಂಡ್. ಎಂಟೂವರೆ ಇರಬೇಕಿತ್ತು. ತಕ್ಕಡಿ ಸರಿಯಿದೆಯೇ ಎಂದರು. ಮುಳ್ಳು ನೋಡಿ, ತಟ್ಟೆ ಬದಲಿಸಿ ಮತ್ತೆ ತೂಗಿದೆ. ಎಂಟೇ. ಬತ್ತಿಯ ತೂತು ಇರಬೇಕಾದ ಕಡೆ ಅರಿಶಿನ, ಎಣ್ಣೆಯ ಜಿಡ್ಡಿನ ಕೆಳಗೆ ಏನೋ ನುಣ್ಣಗೆ ಕೈಗೆ ಹತ್ತುತ್ತದೆ. ಏನೆಂದು ಅವರಿಗೂ ತಿಳಿಯಲಿಲ್ಲ. ಮತ್ತೆ ನೀರಿಗೆ ಹಾಕಿ, ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದರು.

೧೯ ನವೆಂಬರ್, ಶನಿವಾರ

ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಕೂತಿದ್ದೆ.

ಬೆಳಿಗ್ಗೆ ಅಂಗಡಿ ತೆಗೆದು ಕೂತಿದ್ದಾಗ ತಿಮ್ಮತ್ತೆ ಬಂದರು. ಸೂಲಗಿತ್ತಿಯ ಕೆಲಸ ಮಾಡಿ ಮುದುಕಿಯಾದ ಹೆಂಗಸು. ಊರ ಅಳಿಯನೆಂದು ಯಾವಾಗಲೂ ನನಗೆ ಬಹುವಚನ, ಇವತ್ತು ಏಕವಚನ. ಬಸ್ಸಿಳಿದು ಮಂಕರಿ ಹೊತ್ತುಕೊಂಡೇ ನಡೆದು ಬಂದಿದ್ದರು. ಎದುರಿಗೆ ಒಬ್ಬ ಬೆಲ್ಲದ ಅಂಗಡಿಯವನಿದ್ದ. ಅವನ ಮುಂದೆಯೇ ಮಂಕರಿಯಿಂದ ಕೆಂಪು ಕುಲಾವಿಯ ಇಡಿಗುಂಡನ್ನು ತೆಗೆದು ದೊಡ್ಡ ತಕ್ಕಡಿಯ ತಟ್ಟೆಗೆ ಇಟ್ಟರು. ತಟ್ಟೆ ಧಡ್ಡೆಂದು ಕೂತಿತು.

"ತೂಗು ಅಳಿಮಯ್ಯ. ನಮ್ ಗುಂಡಣ್ಣಂಗೆ ಒಂದೇ ದಿಸಕ್ಕೆ ಇಷ್ಟೊಂದು ಮೈ ಬಂದದೆ. ನಮ್ಮನೆ ಹಾಲು ಅಷ್ಟ್ ಚಂದಾಗದಾ?"

ಬೆಲ್ಲದವನು ನಕ್ಕ. ಅವನನ್ನು ಕಳಿಸಿ ಅರ್ಧ ಬಾಗಿಲು ಹಾಕಿದೆ. ಎಲ್ಲವನ್ನೂ ಹೇಳಿದೆ. ಟೊಳ್ಳು, ಮದ್ದು, ಕೆಂಡ, ಇಂದ್ರಮ್ಮನ ಮನೆ, ಬದಲಾಯಿಸಿದ್ದು. ಹೇಳುವಷ್ಟು ಹೊತ್ತೂ ತಟ್ಟೆಯನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಅವರು ಮದ್ದಿನ ಮಾತನ್ನೇ ಎತ್ತಲಿಲ್ಲ.

"ಕೆಂಡದ ಪಕ್ಕ ಅದೆ ಅಂತ ಕಂಡ್ ಮೇಲೂ ಕೂತ್ಕಂಡು ಕಾಪಿ ಕುಡುದ್ಯಾ?"

"ಕುಡಿದೆ ಅತ್ತೆ."

"ಕೂಸು ತೊಟ್ಲಲ್ಲಿತ್ತು."

"ಹೌದು."

"ಎತ್ಕಂಡು ಆಚೆಗೆ ನಡಿಯವ್ವ ಅಂತ ಒಂದ್ ಮಾತು ಬಾಯಿಗೆ ಬರ್ನಿಲ್ವಾ?"

ಅವರು ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದು ಕೂತರು.

"ಅದ್ರಲ್ಲಿ ಏನೂ ಇಲ್ಲ ಬುಡು. ಹನ್ನೆಲ್ಡು ವರ್ಷ ಆಯ್ತು."

ಮಹದೇವುವಿನ ತೊಟ್ಟಿಲು ಶಾಸ್ತ್ರದ ದಿನ ಹಿತ್ತಲಿನಲ್ಲಿ ಗುಂಡಿಗೆ ನೀರು ಹಾಕಿದ್ದು ತಿಮ್ಮತ್ತೆಯೇ. ನಾನು ಹೊರಗೆ ಜಗಲಿಯಲ್ಲಿ ಗಂಡಸರಿಗೆ ಗುಂಡಿನ ಚರಿತ್ರೆ ಹೇಳುತ್ತಿದ್ದೆ. ಸೀಗೆಪುಡಿ ಹಾಕಿ ಉಜ್ಜಿದರೆ ಕರೀ ನೀರು. ಮತ್ತೆ ಹಾಕಿದರೆ ಮತ್ತೂ ಕರಿದು. ತುಕ್ಕಾದರೆ ಕೆಂಪಗೆ ಬರಬೇಕಲ್ಲ ಎಂದು ಮಣೆಯ ಮೇಲೆ ಕೂತಿದ್ದ ಬಾಣಂತಿ, ಶಿವನಂಜಮ್ಮ, ಕೇಳಿದಳಂತೆ. ಇಸ್ಕೊಂಡು ತಿರುಗಿಸಿ ನೋಡಿ, ಪೊರಕೆಯ ಹಂಚಿಕಡ್ಡಿಯಿಂದ ಕೆದಕಿದಳಂತೆ. ಮಣ್ಣು ಹೋಗಿ ತೂತು, ತೂತಿನಲ್ಲಿ ಕೊಳೆತು ಲಡ್ಡು ಹಿಡಿದ ಮರದ ಬಿರಡೆ, ಅದರ ಹಿಂದೆ ಕರೀ ರವೆಯಂಥದು. ಮೂಸಿದರೆ ಪಟಾಕಿ. ಗುಂಡನ್ನು ಹಾಗೇ ಎತ್ತಿ ದೊಡ್ಡ ಬಾನಿಯ ನೀರಿಗೆ ಹಾಕಿ, ಮುಳುಗಿಸಿ ಮುಳುಗಿಸಿ ಅಲ್ಲಾಡಿಸಿ, ತಿಳಿನೀರು ಬರುವ ತನಕ ತೊಳೆದರಂತೆ. ಆ ನೀರನ್ನು ಗುಂಡಿ ತೋಡಿ ಸುರಿದರಂತೆ. ಆಮೇಲೆ ಬಳೆಗಾರನ ಹತ್ತಿರ ಅರಗು ಇಸ್ಕೊಂಡು ತೂತು ಮುಚ್ಚಿ, ಮೇಲೆ ಅರಿಶಿನ ಬಳಿದು, ತೊಟ್ಟಿಲಿಗೆ ಹಾಕಿದರಂತೆ. ನಾನು ಒಳಗೆ ಬಂದು, ನೋಡಿ ಎಷ್ಟು ಗಟ್ಟಿ ಎಂದು ಎಲ್ಲರೆದುರಿಗೆ ಅದನ್ನು ತಟ್ಟಿ ತೋರಿಸಿದ್ದು ನನಗೆ ನೆನಪಿದೆ.

ಯಾಕೆ ನನಗೆ ಹೇಳಲಿಲ್ಲ ಎಂದೆ.

"ನಾನ್ ಹೇಳ್ತೀನಿ ಅಂದೆ. ಅವ್ಳು ಬುಡ್ನಿಲ್ಲ. 'ಬ್ಯಾಡ ಕಣತ್ತೆ, ಇಡಿಗುಂಡು ಅಂತ ಊರ್ ತುಂಬ ಹೇಳ್ಕಂಡು ಬಂದವ್ರೆ, ಮೊಕ ಸಣ್ಣ ಮಾಡ್ಕತಾರೆ' ಅಂದ್ಲು." ತಿಮ್ಮತ್ತೆ ತಟ್ಟೆಯಲ್ಲಿದ್ದ ಗುಂಡಿನ ಕುಲಾವಿ ಬಿಚ್ಚಿ ಮಡಿಸಿಟ್ಟುಕೊಂಡರು. "ನೀನು ಕೆಟ್ಟೋನಲ್ಲ. ಹೇಳ್ಕೊಡೋನು. ಹೇಳ್ಕೊಡೋರ್ಗೆ ಯಾರ್ ಹೋಗಿ ಹೇಳ್ತಾರೆ?"

ಹೊರಡುವಾಗ ಹೇಳಿದ್ದನ್ನು ಬರೆಯುವುದಕ್ಕೇ ಇಷ್ಟು ಹೊತ್ತು ಹಿಡಿದದ್ದು. ಮಹದೇವು ಹೋದ ಮೇಲೆ ಶಿವನಂಜಮ್ಮ ಇಲವಾಲಕ್ಕೆ ಹೋಗಿ ತಿಮ್ಮತ್ತೆಯ ಮುಂದೆ ಅತ್ತಳಂತೆ. ಗುಂಡಿನೊಳಗಿನ ಶಕ್ತಿಯನ್ನು ನಾನೇ ತೊಳೆದು ಚೆಲ್ಲಿಬಿಟ್ಟೆ, ಅದಕ್ಕೇ ಕೂಸಿಗೆ ಗಟ್ಟಿತನ ಹತ್ತಲಿಲ್ಲ, ಅವರು ಅಷ್ಟು ಆಸೆಯಿಂದ ತಂದಿದ್ದರು, ಎಂದಳಂತೆ. ಹಾಗಲ್ಲ ಕಣೆ ಎಂದು ತಿಮ್ಮತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ. ಮದ್ದಿನ ವಿಷಯ ಅತ್ತೆಗೇನು ಗೊತ್ತು, ಗೊತ್ತಿರೋರು ಅವರು, ಎಂದಳಂತೆ. ಆಮೇಲೆ ಒಂದೊಂದು ಮನೆಯ ಕೂಸಿನ ಪಕ್ಕದಲ್ಲಿ ಅದನ್ನು ಇಟ್ಟು ನೋಡಿದಳು. ಒಂದೊಂದು ಕೂಸು ಎದ್ದು ಓಡಾಡಿದಾಗಲೂ ಇಲವಾಲಕ್ಕೆ ಬಂದು, ಇದಕ್ಕೂ ಏನೂ ಆಗಲಿಲ್ಲ ಅತ್ತೆ ಎಂದು ಹೇಳಿ ಹೋಗುತ್ತಿದ್ದಳಂತೆ.

ಆ ಕಬ್ಬಿಣ ತಂದದ್ದೇ ತಪ್ಪು ಎಂದು ನಾನು, ಅದನ್ನು ತೊಳೆದದ್ದೇ ತಪ್ಪು ಎಂದು ಅವಳು. ಒಂದೇ ಮನೆಯಲ್ಲಿ, ಹನ್ನೆರಡು ವರ್ಷ.

೨೦ ನವೆಂಬರ್, ಭಾನುವಾರ

ರಾಯರು ಬಂದು ನೀರಿನೊಳಗೆ ಅರಗು ಬಿಡಿಸಿದರು. ಒಳಗೆ ನೀರು ತುಂಬಿಸಿ, ಅಲ್ಲಾಡಿಸಿ, ಬಿಳೀ ತಟ್ಟೆಗೆ ಸುರಿದರು. ತಿಳಿನೀರು. ಎರಡನೇ ಸಲವೂ ತಿಳಿನೀರು. ಸೈನ್ಯದವರು ಮಾಡಿದ್ದೂ ಇಷ್ಟೇ, ಯಾರು ಮಾಡಿದ್ದು ಎಂದು ಕೇಳಿದರು. ನನ್ನ ಹೆಂಡತಿ ಎಂದೆ. ಅವರು ಗುಂಡನ್ನು ಕೆಳಗಿಟ್ಟು, "ಅವರು ನಿಮಗೆ ಹೇಳಿರಲಿಲ್ವೇ?" ಎಂದರು. ಹೇಳಬೇಕು ಎಂದಿದ್ದಳು, ನಾನು ನಾಳೆ ಹೇಳು ಎಂದುಬಿಟ್ಟೆ, ಎಂದೆ.

ನೀನು ಮಾಡಿದ್ದು ಸರಿ ಎಂದು ಹೇಳಬಲ್ಲವನು ಅವಳ ಪಾಲಿಗೆ ನಾನೊಬ್ಬನೇ ಇದ್ದೆ. ಒಂದು ಮಾತು ಸಾಕಿತ್ತು. ಅವಳ ಎದುರಿಗೇ ಕೂತಿದ್ದೆ, ತೋಟಾ ಹಿಡಿದುಕೊಂಡು.

೨೪ ನವೆಂಬರ್, ಗುರುವಾರ

ಅಂಗಡಿ ತಡವಾಗಿ ತೆಗೆದೆ. ಚಾಮುಂಡಮ್ಮನವರಿಗೆ ನಿಜ ಹೇಳೋಣವೆಂದು ಅವರ ಜಗಲಿಯಲ್ಲಿ ಕೂತವನು ಅಲ್ಲೇ ಉಳಿದೆ. ಶಿವನಂಜಮ್ಮ ನಗಿಸುತ್ತಿದ್ದಳಂತೆ. ನಾನು ಮಾತಾಡುವ ಹಾಗೆ ಮಾತಾಡಿ ತೋರಿಸುತ್ತಿದ್ದಳಂತೆ. ಹೇಗೆ ಎಂದು ಕೇಳಿದೆ. ಚಾಮುಂಡಮ್ಮನವರು ನಾಚಿಕೊಂಡು, ಬಲಗೈ ಬೆರಳೆತ್ತಿ, "ಹಾಗಲ್ಲ, ಹೀಗೆ" ಎಂದರು.

ಇಂದ್ರಮ್ಮನಿಗೂ ಹೇಳಿ ಬಂದಿದ್ದೇನೆ. ಅವಳು ಕೂಸನ್ನು ಅವಚಿಕೊಂಡು ಒಳಗೆ ಹೋದಳು. ಬಾಗಿಲವರೆಗೂ ಬರಲಿಲ್ಲ. ಅದು ನ್ಯಾಯ.

೨೭ ನವೆಂಬರ್, ಭಾನುವಾರ

ಗುಂಡಣ್ಣನಿಗೆ ಸೀಗೆಪುಡಿ ಹಾಕಿ ನಾನೇ ನೀರು ಹಾಕಿದೆ. ಹೊಸ ಅರಗು ಹಾಕಿ ತೂತು ಮುಚ್ಚಿದೆ. ಇಲವಾಲಕ್ಕೆ ಕೊಂಡೊಯ್ದು, ವಸಂತಮ್ಮನ ಎದುರಿಗೆ ಕೂತು ಎಲ್ಲವನ್ನೂ ಮೊದಲಿಂದ ಹೇಳಿದೆ. ಬೇಡವೆಂದರೆ ವಾಪಸು ತರುವುದೆಂದಿದ್ದೆ. ಆ ಹುಡುಗಿ ಅಜ್ಜಿಯ ಮುಖ ನೋಡಿದಳು. ಆಮೇಲೆ ಅಗ್ಗಿಷ್ಟಿಕೆಯನ್ನು ಎತ್ತಿ ಹೊರಗಿಟ್ಟು ಬಂದು, ಗುಂಡಣ್ಣನನ್ನು ಕೇಳಿ ಇಸ್ಕೊಂಡು ತೊಟ್ಟಿಲ ಮಗ್ಗುಲಲ್ಲಿ ಇಟ್ಟಳು. ಕಾಫಿ ಕೊಡಲಿಲ್ಲ. ತಿಮ್ಮತ್ತೆ ಕೊಟ್ಟರು.

ಮನೆಗೆ ಮರಳಿದ ಮೇಲೆ ಅದಕ್ಕೆ ಚೀಟಿ ಬರೆದೆ. ಹಲಗೆಯ ಮೇಲೆ ಜಾಗ ಖಾಲಿ ಬಿಟ್ಟು ಚೀಟಿ ಮಾತ್ರ ಇಟ್ಟಿದ್ದೇನೆ.

ಏಳನೆಯದು. ಟೊಳ್ಳುಗುಂಡು. ಶ್ರೀರಂಗಪಟ್ಟಣದಾಚೆಯ ಹೊಲ. ತೂಕ ಎಂಟು ಪೌಂಡ್. ಮೊದಲು ಇಡಿಗುಂಡು ಎಂದು ತಪ್ಪಾಗಿ ಗುರುತಿಸಿದವನು ಸಿದ್ದರಾಜು. ಸರಿಯಾಗಿ ಗುರುತಿಸಿ ಖಾಲಿ ಮಾಡಿದವಳು ಶಿವನಂಜಮ್ಮ. ಮಾಡಿದ್ದು ಸರಿ. ಎಲ್ಲಿದೆ: ಇಲವಾಲ, ಕೂಸಿನ ಹತ್ತಿರ.